ಜಲಜಕ್ಕ ನೀವಿದ ಕಾಲು

ಕೋಡೇರಿಯ ಜಲಜಕ್ಕನ ಕೈಗುಣ ಅಂದರೆ ಸುಮ್ಮನೆ ಅಲ್ಲ ಮಾರಾಯ್ರೆ. ಬಲೆ ಎಳೆದು ಸೊಂಟ ಹಿಡಿದವರು, ದೋಣಿ ನೂಕುವಾಗ ಕಾಲು ಉಳುಕಿದವರು, ಎಲ್ಲರೂ ಮೊದಲು ಬಂದು ಕೂರುವುದು ಅವಳ ಜಗಲಿಯಲ್ಲಿ. ಮೀನು ಮಾರಿ ಬಂದವಳು ಕೈ ತೊಳೆದು, ಬಿಸಿ ಎಣ್ಣೆ ಹಾಕಿ ನೀವಿದಳೆಂದರೆ ನೋವು ಹೇಳಹೆಸರಿಲ್ಲದಂತೆ ಹೋಗಬೇಕು. ಆಸ್ಪತ್ರೆ ಏನಿದ್ದರೂ ಆಮೇಲೆ.

ಹಾಗಿರುವಾಗ ಗಂಡ ಗುಡ್ಡನ ಮೀನಖಂಡ ಊದಿಕೊಂಡರೆ ಅವಳು ಇನ್ಯಾರನ್ನು ಕೇಳಬೇಕು? ಜ್ವರ ಬಂದು ಹಾಸಿಗೆ ಹಿಡಿದಿದ್ದ ಗುಡ್ಡ ಆಗಷ್ಟೇ ಎದ್ದಿದ್ದ. "ಗಟ್ಟಿ ನೀವ್ ಮಾರಾಯ್ತಿ" ಅಂದ. ಕೈ ಸೋಲುವಷ್ಟು ನೀವಿದಳು. ಎದ್ದು ಚಾ ಕುಡಿದು ಅಂಗಳಕ್ಕೆ ಇಳಿದವನು ಎದೆ ಹಿಡಿದುಕೊಂಡು ಕುಸಿದ. ಕುಂದಾಪುರದ ಆಸ್ಪತ್ರೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು.

"ಕಾಲಿನ ಥ್ರಾಂಬಸ್ ಶ್ವಾಸಕೋಶಕ್ಕೆ ಹೋಗಿದೆ. ಯಾರಾದರೂ ಕಾಲು ತಿಕ್ಕಿದ್ರಾ?" ಎಂದು ಡಾಕ್ಟರು ಕೇಳಿದರು. ಜಲಜಕ್ಕ ಎಣ್ಣೆ ಅಂಟಿದ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಉತ್ತರಕ್ರಿಯೆ ಆಗಿ ಬೊಜ್ಜದ ಊಟ ಮುಗಿದರೂ ಅವಳ ಕಣ್ಣಲ್ಲಿ ಹನಿ ನೀರಿಲ್ಲ. ಜನ ಆಡಿಕೊಂಡರು, ಊರ ಬಾಯಿಗೆ ಬೀಗ ಹಾಕುವವರ್ಯಾರು! ಅವಳಿಗೆ ಹಸಿವೂ ಇರಲಿಲ್ಲ, ದುಃಖವೂ ಇರಲಿಲ್ಲ. ಇದ್ದದ್ದು ಒಂದೇ ಪ್ರಶ್ನೆ. ಬ್ರಹ್ಮಾವರದಲ್ಲಿ ನರ್ಸಿಂಗ್ ಓದುವ ತಮ್ಮನ ಮಗಳು ಧನ್ಯಶ್ರೀ ಬಂದಾಗ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡಳು.

"ಹೆಣೆ, ಥ್ರಾಂಬಸ್ ಅಂದ್ರೆ ಎಂತ?"

"ನರದೊಳ್ಗೆ ಹೆಪ್ಪುಗಟ್ಟಿದ್ ರಕ್ತ ಅತ್ತೆ. ಗ್ರೀಕರ ಶಬ್ದ. ಅವ್ರ ಹಳೆ ಭಾಷೆಯಂಗೆ ಥ್ರೋಂಬೋಸ್ ಅಂದ್ರೆ ಗಡ್ಡೆ, ಮುದ್ದೆ. ಒಡೆದ್ ಹಾಲಿನ ಗಡ್ಡೆಗೂ ಅದನ್ನೇ ಹೇಳ್ತಿದ್ರಂಬ್ರ್. ಡಾಕ್ಟ್ರ್‌ಗಳ್ ಅಲ್ಲಿಂದ ತಕಂಡದ್ದ್."

ಹುಡುಗಿ ನಿಲ್ಲಿಸಲೇ ಇಲ್ಲ. ಗ್ರೀಸ್ ಎಲ್ಲಿದೆ, ಅಲ್ಲೂ ಸಮುದ್ರ ಇದೆ, ಅಲ್ಲೂ ಮೀನು ಹಿಡಿಯುತ್ತಾರೆ ಎಂದೆಲ್ಲ ಹೇಳುತ್ತಲೇ ಹೋದಳು. ಪಾಪ, ಮುಂದಿನ ಪ್ರಶ್ನೆ ಏನೆಂದು ಅವಳಿಗೆ ಗೊತ್ತಿತ್ತು.

"ಆ ಗಡ್ಡೆ ಕಾಲಂಗೇ ಇದ್ದಿತ್ತಲ್ದಾ? ನಾನ್ ನೀವಿದ್ದಕ್ಕೇ ಮೇಲ್ ಹೋಯ್ತಾ?"

"ತನ್ನಷ್ಟಕ್ಕೂ ಹೋತ್ ಅತ್ತೆ."

"ಕಾಲ್ ನೀವಿರೆ?"

ಧನ್ಯಶ್ರೀ ನೆಲ ನೋಡಿದಳು. "ನೀವುಕಾಗ," ನೀವಬಾರದು ಅಂದಳು, ಅಷ್ಟೇ.

ಜಲಜಕ್ಕ ತಲೆಯಾಡಿಸಿದಳು. ಅಳು ಬರುತ್ತದೇನೋ ಎಂದು ಕಾದಳು. ಬರಲಿಲ್ಲ.

ಅಷ್ಟರಲ್ಲಿ ಅಂಗಳದಿಂದ ನೆರೆಮನೆಯ ಚಂದ್ರನ ಕೂಗು. "ಹ್ವಾಯ್ ಜಲಜಕ್ಕ, ಸೊಂಟ ಹಿಡ್ಕಂಡಿತ್ ಕಾಣಿ. ಒಂಚೂರ್ ನೀವಿ ಕೊಡಿ."

ಧನ್ಯಶ್ರೀ ಏಳಹೋದಳು. ಜಲಜಕ್ಕ ಅವಳ ಕೈ ಹಿಡಿದು ಕೂರಿಸಿ, ತಾನೇ ಒಳಗಿಂದ ಉತ್ತರ ಕೊಟ್ಟಳು.

"ಜಲಜಕ್ಕ ಇಲ್ಲ."

ದನಿ ಯಾರದೆಂದು ಚಂದ್ರನಿಗೆ ಗೊತ್ತಾಯಿತು. ಸೊಂಟ ಹಿಡಿದುಕೊಂಡು ಹೊರಟುಹೋದ.