ಬಿಡುಗಡೆಗೆ ಬೇಕಾದ ಲಗ್ನಪತ್ರಿಕೆ

ಬೆಳಗ್ಗೆ ಐದೂವರೆಗೆ ಲಕ್ಷ್ಮಿದೇವಮ್ಮ ಅಶ್ವತ್ಥಕಟ್ಟೆಗೆ ಮೂರು ಸುತ್ತು ಬರುತ್ತಾಳೆ. ಜ್ವರವಿದ್ದರೂ ತಪ್ಪಿಸಿದವಳಲ್ಲ. ಗೋವಿಂದರಾಜನಗರದ ನಮ್ಮ ಬೀದಿಯ ಕೊನೆಯಲ್ಲಿರುವ ಆ ಕಟ್ಟೆಗೆ ಜನ ಗಾಜು ಒಡೆದ ದೇವರ ಪಟಗಳನ್ನು, ಹಳೆಯ ಮದುವೆ ಪತ್ರಿಕೆಗಳನ್ನು ತಂದಿಟ್ಟು ಹೋಗುತ್ತಾರೆ. ಮೇಲೆ ಗಣಪತಿಯೋ ವೆಂಕಟರಮಣನೋ ಇರುವ ಕಾಗದವನ್ನು ಕಸಕ್ಕೆ ಹಾಕಲು ಯಾರಿಗೂ ಕೈ ಬರುವುದಿಲ್ಲ. ಸುತ್ತು ಮುಗಿದ ಮೇಲೆ ಅವಳು ಬೋರಲು ಬಿದ್ದ ಪಟಗಳನ್ನೆತ್ತಿ ಮರಕ್ಕೆ ಒರಗಿಸುತ್ತಾಳೆ, ಪತ್ರಿಕೆಗಳನ್ನು ಒಟ್ಟುಮಾಡಿ ಮೇಲೊಂದು ಕಲ್ಲಿಡುತ್ತಾಳೆ. ಆಮೇಲೆ ವಿಜಯನಗರದ ಪಿ.ಜಿ.ಗೆ ಚಪಾತಿ ಲಟ್ಟಿಸಲು ಹೊರಡುತ್ತಾಳೆ. ಅಲ್ಲಿ ಪರೀಕ್ಷೆಗೆ ಓದುವ ಎಂಬತ್ತು ಹುಡುಗಿಯರಿದ್ದಾರೆ.

ಹೋದ ಫೆಬ್ರವರಿಯಲ್ಲಿ ಒಂದು ಗುರುವಾರ ನೋಡಿದರೆ, ಪತ್ರಿಕೆಗಳನ್ನು ಒಟ್ಟುಮಾಡುವುದನ್ನು ಬಿಟ್ಟು ಒಂದೊಂದನ್ನೇ ಬಿಡಿಸಿ ಬೀದಿ ದೀಪದ ಬೆಳಕಿಗೆ ಹಿಡಿದು ಓದುತ್ತಿದ್ದಳು.

"ಏನೇ ಹುಡುಕ್ತಾ ಇದೀಯ?" ಎಂದೆ.

"ನನ್ನ ಮದುವೇದು ಅಕ್ಕ."

ಅದನ್ನು ಹನ್ನೊಂದು ವರ್ಷದ ಹಿಂದೆ ಅವಳೇ ತಂದಿಟ್ಟಿದ್ದಳು. ಗಂಡ ಯೋಗಾನಂದ ಕೆಂಗೇರಿಯಲ್ಲಿ ಬೇರೊಬ್ಬಳ ಜೊತೆ ಸಂಸಾರ ಹೂಡಿದ ವಾರ, ಮದುವೆಯ ಫೋಟೋಗಳನ್ನೆಲ್ಲ ಬಚ್ಚಲ ಒಲೆಗೆ ಹಾಕಿದ್ದಳು. ಲಗ್ನಪತ್ರಿಕೆಯ ಮೇಲೆ ಗಣಪತಿ ಇದ್ದ. ಅವನನ್ನು ಸುಡಲಾರದೆ ಕಟ್ಟೆಯ ಮೇಲಿಟ್ಟು ಕೈಮುಗಿದು ಬಂದಿದ್ದಳು. ವಾರಕ್ಕೊಮ್ಮೆ ಕಸದ ಗಾಡಿಯವರು ಕಟ್ಟೆ ಚೊಕ್ಕಟ ಮಾಡುತ್ತಾರೆಂಬುದು ಅವಳಿಗೂ ಗೊತ್ತು. ಆದರೂ ಯಾರ ಯಾರದೋ ಮದುವೆಯ ತಾರೀಖು ಓದುತ್ತ ಹುಡುಕುತ್ತಿದ್ದಳು.

ಬಿಟ್ಟುಹೋದವನು ಪೂರ್ತಿ ಬಿಟ್ಟಿರಲಿಲ್ಲ. ಕುಡಿದಾಗಲೆಲ್ಲ ಬಂದು ಅವಳ ಬಾಗಿಲು ಒದೆಯುತ್ತಿದ್ದ. ಕೊನೆಗೆ ಮನೆ ಮಾಲೀಕರಾದ ನಂಜುಂಡಪ್ಪನವರು ಅವಳನ್ನು ಕರೆದು ಹೇಳಿದರು: "ನೋಡಮ್ಮ, ಗಂಡನ ಜೊತೆ ಇದ್ರೆ ಇರು, ಬಿಟ್ಟಿದ್ರೆ ಬಿಟ್ಬಿಡು. ಬಾಗ್ಲು ಒದ್ದು ‘ಇದು ನನ್ ಹೆಂಡ್ತಿ ಮನೆ’ ಅಂತಾನಲ್ಲ, ನಾನು ಏನಂತ ತಡೀಲಿ? ಕೋರ್ಟಿಗೆ ಹಾಕಿರೋ ಕಾಗದನಾದ್ರೂ ತಂದು ತೋರ್ಸು. ಇಲ್ಲಾಂದ್ರೆ ತಿಂಗಳ ಕೊನೆಗೆ ಖಾಲಿ ಮಾಡು."

ಅದೇ ವಾರ ಯೋಗಾನಂದನೇ ಫೋನ್ ಮಾಡಿದ. ಕೆಂಗೇರಿಯವಳೂ ಅವನಿಗೆ ಅದೇ ಮಾತು ಹೇಳಿದ್ದಳಂತೆ. "ಸೋಮವಾರ ಬಂದು ಸೈನ್ ಹಾಕ್ತೀನಿ. ಮಂಗಳವಾರ ಲೋಡ್ ತಗೊಂಡು ಹೊರಟೆ ಅಂದ್ರೆ ಯಾವಾಗ ಬರ್ತೀನೋ ಗೊತ್ತಿಲ್ಲ. ಆಮೇಲೆ ನನ್ನ ಕೇಳ್ಬೇಡ," ಎಂದ. ಅವನು ಲಾರಿ ಓಡಿಸುತ್ತಾನೆ.

ಅವಳು ಮಾಗಡಿ ರಸ್ತೆಯಲ್ಲಿ ಜೆರಾಕ್ಸ್ ಅಂಗಡಿಯ ಮೇಲೆ ಕಚೇರಿ ಇಟ್ಟಿರುವ ವಕೀಲ ಕೃಷ್ಣಯ್ಯನವರ ಬಳಿ ಓಡಿದಳು. ಒಳ್ಳೆಯ ಮನುಷ್ಯರೇ. ಕೂರಿಸಿ ನೀರು ಕೊಟ್ಟು, ಮೂವತ್ತೈದು ಸಾವಿರ ಎಂದರು.

"ಸಾರ್, ಇಬ್ರೂ ಒಪ್ಪಿದೀವಿ. ಜಗಳಾನೇ ಇಲ್ಲ. ಅದಕ್ಕೂ ಇಷ್ಟಾ?"

"ಜಗಳ ಇದ್ದಿದ್ರೆ ಲಕ್ಷ ದಾಟ್ತಿತ್ತಮ್ಮ. ಈಗ ಅರ್ಧ ಕೊಡಿ, ಅರ್ಜಿ ಹಾಕ್ತೀನಿ. ಆರು ತಿಂಗಳಾದ್ಮೇಲೆ ಇಬ್ರೂ ಮತ್ತೆ ಬಂದು ಒಪ್ಪಿಗೆ ಅಂತ ಜಡ್ಜ್ ಮುಂದೆ ಹೇಳ್ಬೇಕು. ಉಳಿದರ್ಧ ಆಗ."

"ಆರು ತಿಂಗಳಲ್ಲಿ ಇವರು ಒಲ್ಲೆ ಅಂದ್ಬಿಟ್ರೆ?"

ಕೃಷ್ಣಯ್ಯ ಬೇಕಾದ ಕಾಗದಗಳ ಪಟ್ಟಿ ಬರೆದರು. ಆಧಾರ್, ವಿಳಾಸ, ಮದುವೆಯ ಫೋಟೋ. ಫೋಟೋ ಇಲ್ಲದಿದ್ದರೆ ಲಗ್ನಪತ್ರಿಕೆ.

"ಎರಡೂ ಇಲ್ಲ ಸಾರ್."

"ಮದುವೆ ಆಗಿತ್ತು ಅಂತ ತೋರಿಸ್ದೇ ಬಿಡಿಸೋದು ಹೇಗಮ್ಮ? ಇಬ್ರೂ ಬಂದ್ರೆ ಮೊದಲು ಮದುವೆ ರಿಜಿಸ್ಟರ್ ಮಾಡಿಸ್ಬಹುದು. ಅದಕ್ಕೆ ಬೇರೆ ದಿನ, ಬೇರೆ ಖರ್ಚು."

"ಬಿಡೋಕೋಸ್ಕರ ಇನ್ನೊಂದ್ಸಲ ಮದುವೆ ಆಗ್ಬೇಕಾ ಸಾರ್?" ಎಂದಳಂತೆ. ಅವರು ನಕ್ಕರು. ಅವಳಿಗೆ ನಗು ಬರಲಿಲ್ಲ.

ಹೆಂಗಸರಿಗೆ ಸರ್ಕಾರದ ಕಡೆಯಿಂದ ಉಚಿತವಾಗಿ ವಕೀಲರನ್ನು ಕೊಡುತ್ತಾರೆಂದು ನಾನು ಹೇಳಿ ನೋಡಿದೆ. "ಗೊತ್ತು ಅಕ್ಕ. ಅಲ್ಲಿ ಅರ್ಜಿ ಕೊಟ್ಟು ಕೂತ್ರೆ ಸೋಮವಾರ ಹೋಗ್ಬಿಡುತ್ತೆ. ಇವರ ಮನಸ್ಸು ಹಾಲಿದ್ದ ಹಾಗೆ. ಬೆಚ್ಚಗಿದ್ದಾಗಲೇ ಹೆಪ್ಪು ಹಾಕ್ಬೇಕು, ಇಲ್ಲಾಂದ್ರೆ ಒಡೀತು," ಎಂದಳು. ಎರಡು ವರ್ಷ ಕಟ್ಟಿದ್ದ ಚೀಟಿಯನ್ನು ನಷ್ಟಕ್ಕೆ ಕೂಗಿ ಮೊದಲರ್ಧ ಹೊಂದಿಸಿದ್ದಳು. ಇಲ್ಲದ್ದು ಆ ಒಂದು ಕಾಗದ.

ಶನಿವಾರ ಬೆಳಗ್ಗೆ ಮೂರನೆಯ ಸುತ್ತಿನ ಮಧ್ಯೆ ಅವಳು ನಿಂತುಬಿಟ್ಟಳು. ಯೋಗಾನಂದನ ಸೋದರತ್ತೆ ಅಕ್ಕಯ್ಯಮ್ಮನ ನೆನಪು ಬಂದಿತ್ತು. ಈ ಮದುವೆ ಕುದುರಿಸಿದವರೇ ಅವರು. ಬಂದ ಪತ್ರಿಕೆಗಳನ್ನೆಲ್ಲ ತಂತಿಗೆ ಪೋಣಿಸಿ ದೇವರ ಮನೆಯಲ್ಲಿ ನೇತುಹಾಕುವ ಮುದುಕಿ.

ಅವರ ಮನೆಯೂ ಕೆಂಗೇರಿಯಲ್ಲೇ. ಮಧ್ಯಾಹ್ನ ಚಪಾತಿ ಮುಗಿಸಿ ಕೆಂಗೇರಿ ಬಸ್ಸು ಹತ್ತಿದಳು. ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಆಧಾರ್ ತೋರಿಸಿದರೆ ಸಾಕು. ಅದರ ಹಿಂಬದಿಯಲ್ಲಿ ಅವಳ ವಿಳಾಸಕ್ಕಿಂತ ಮೊದಲು ಗಂಡನ ಹೆಸರಿದೆ.

"ಹನ್ನೊಂದು ವರ್ಷಕ್ಕೆ ನಾನು ನೆನಪಾದ್ನೇನೇ?" ಎಂದು ಅಕ್ಕಯ್ಯಮ್ಮ ಬಾಗಿಲಲ್ಲೇ ಕೇಳಿದರು. ವಿಷಯ ತಿಳಿದ ಮೇಲೆ ದನಿ ಇನ್ನೂ ಏರಿತು. "ಮದುವೆ ಮಾಡ್ಸಿದ್ದೂ ನಾನೇ, ಅದನ್ನ ಮುರಿಯೋಕೆ ಸಾಕ್ಷಿ ಕೊಡೋದೂ ನಾನೇನಾ?"

"ನೀವಲ್ದೆ ಇನ್ಯಾರನ್ನ ಕೇಳ್ಲಿ ಅತ್ತೆ? ನಾಳಿದ್ದು ಇದಿಲ್ಲ ಅಂದ್ರೆ ನಾನು ಬೀದಿಗೆ ಬೀಳ್ತೀನಿ."

ಅಕ್ಕಯ್ಯಮ್ಮ ದೇವರ ಮನೆಗೆ ಹೋಗಿ ತಂತಿ ಬಿಚ್ಚಿ ತಂದರು. ಓದು ಬರದಿದ್ದರೂ ಅವರ ಕೈ ನೇರ ಆ ಪತ್ರಿಕೆಗೇ ಹೋಯಿತು. ಮೂಲೆಗಳಿಗೆ ಹಚ್ಚಿದ ಅರಿಶಿನ ಕಂದಿತ್ತು. ಕೆಳಗೆ, ಸುಖಾಗಮನ ಬಯಸುವವರ ಸಾಲಿನಲ್ಲಿ ಮೂರನೆಯ ಹೆಸರಿನ ಮೇಲೆ ಅವರು ಬೆರಳಿಟ್ಟರು.

"ಇಲ್ಲಿ ಅವರಿದ್ದಾರೆ."

ತೀರಿಹೋದ ಗಂಡನ ಹೆಸರು. ಅಕ್ಕಯ್ಯಮ್ಮ ಅದನ್ನು ಎಂದೂ ಬಾಯಿಬಿಟ್ಟು ಹೇಳಿದವರಲ್ಲ. ಮಕ್ಕಳಿಲ್ಲದ ಮನೆ, ಆ ಹೆಸರು ಅಚ್ಚಾದ ಇನ್ನೊಂದು ಪತ್ರಿಕೆ ಇರಲಿಲ್ಲ.

"ಕೋರ್ಟಿಗೆ ಹೋದ್ರೆ ವಾಪಸ್ ಬರುತ್ತಾ?"

"ಗೊತ್ತಿಲ್ಲ ಅತ್ತೆ. ಜೆರಾಕ್ಸ್ ಮಾಡ್ಸಿ ತಂದ್ಕೊಡ್ತೀನಿ. ಕಲರ್‌ದೇ ಮಾಡಿಸ್ತೀನಿ."

"ನಿನ್ನ ಜೆರಾಕ್ಸಿಗೆ ಅರಿಶಿನ ಅಂಟ್ಕೊಂಡು ಬರುತ್ತೇನೇ?" ಎನ್ನುತ್ತಲೇ ಅವರು ಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡು ಅವಳ ಕೈಗಿಟ್ಟರು. "ಮಡಚ್ಬೇಡ."

ಲಕ್ಷ್ಮಿದೇವಮ್ಮ ಕಾಲಿಗೆ ನಮಸ್ಕಾರ ಮಾಡಿ ಗೇಟಿನವರೆಗೆ ಬಂದಿದ್ದಳು. ಹಿಂದಿನಿಂದ ಅಕ್ಕಯ್ಯಮ್ಮ ಕರೆದರು.

"ನಿಂತ್ಕೊಳ್ಳೇ. ಹಿಂದ್ಗಡೆ ಮನೆ ಖಾಲಿ ಬಿದ್ದಿದೆ. ಬಂದಿರು. ಬಾಡಿಗೆ ಬೇಡ, ಅಡ್ವಾನ್ಸ್ ಬೇಡ. ಅವನು ಈ ಗೇಟು ದಾಟಿ ಬರ್ಲಿ, ಪೊರಕೆ ತಗೋತೀನಿ. ವಕೀಲರಿಗೆ ಸುರಿಯೋ ದುಡ್ಡೂ ಉಳಿಯುತ್ತೆ. ಸೊಸೆ ಅಂತ ನನಗೂ ಒಬ್ಬಳು ಇದ್ದಂಗಾಗುತ್ತೆ."

ಸುಳ್ಳು ಹೇಳುವ ಮುದುಕಿಯಲ್ಲ. ಗೇಟಿನ ಹತ್ತಿರದಿಂದಲೇ ಆ ಮನೆಯ ಹಸಿರು ಬಾಗಿಲು ಕಾಣುತ್ತಿತ್ತು. ಗಟ್ಟಿ ಬಾಗಿಲು, ಒಳಗೆ ಹೊರಗೆ ಎರಡೂ ಕಡೆ ಚಿಲಕ. ಇಲ್ಲಿಗೆ ಬಂದರೆ ನಂಜುಂಡಪ್ಪನವರ ಗಡುವಿಲ್ಲ. ಆರು ತಿಂಗಳು ಒಬ್ಬ ಕುಡುಕನ ಮನಸ್ಸು ಕಾಯುವ ಕೆಲಸವಿಲ್ಲ. ಉಳಿದರ್ಧ ಎಲ್ಲಿಂದ ತರಲಿ ಎಂದು ರಾತ್ರಿಯೆಲ್ಲ ಎದ್ದು ಕೂರಬೇಕಾಗಿಲ್ಲ. ಆ ಬಾಗಿಲನ್ನು ಎಷ್ಟು ಹೊತ್ತು ನೋಡುತ್ತ ನಿಂತಿದ್ದೆನೋ ಗೊತ್ತಿಲ್ಲ ಎಂದು ಆಮೇಲೆ ನನಗೆ ಹೇಳಿದಳು.

ಪತ್ರಿಕೆ ಮಡಚದಂತೆ ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡಿದ್ದಳು.

"ಬೇಡ ಅತ್ತೆ," ಎಂದಳು. "ಇಲ್ಲಿಗೆ ಬಂದ್ರೆ ಸಾಯೋವರೆಗೂ ನಾನು ಯೋಗಾನಂದನ ಹೆಂಡ್ತಿನೇ. ಆ ಮನೆ ಬೇರೆ ಯಾರಿಗಾದ್ರೂ ಕೊಡಿ."