ಕೈತೊಳೆಯುವ ಜಾಗದ ಬುದ್ಧ

ಅವ್ವನ ಕಣ್ಣಿನ ತಪಾಸಣೆ ಮುಗಿಸಿ ರಾಯಚೂರಿನ ಆಸ್ಪತ್ರೆಯಿಂದ ಹೊರಬಂದಾಗ ಊಟದ ಹೊತ್ತು ಮೀರಿತ್ತು. ಮಾನ್ವಿಯಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದೆ. ಎಲ್ಲಾದರೂ ಕುಳಿತರೆ ಸಾಕಾಗಿತ್ತು. ಎದುರಿಗೇ ಹೊಸ ಹೋಟೆಲು. ಬಾಗಿಲ ಮೇಲಿನ ಫ್ಲೆಕ್ಸಿನಲ್ಲಿ ಕಣ್ಣು ಮುಚ್ಚಿದ ಬುದ್ಧ, ಅವನ ಮಡಿಲ ಮುಂದೆ ಹೊಗೆಯಾಡುವ ಬಿರಿಯಾನಿ, ಕೆಳಗೆ ‘ಶಾಂತಿಯಿಂದ ಉಣ್ಣಿ’ ಎಂಬ ಬರಹ.

ಕಣ್ಣಿಗೆ ಹನಿ ಹಾಕಿದ್ದರಿಂದ ಅವ್ವನಿಗೆ ಎಲ್ಲವೂ ಮಂಜು. ಬುದ್ಧನ ಆಕಾರವಷ್ಟೇ ಕಂಡಿರಬೇಕು, ಚಪ್ಪಲಿ ಬಿಟ್ಟು ಕೈಮುಗಿದಳು. ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡಂದಿನಿಂದ ನಮ್ಮ ಮನೆಯ ಬುದ್ಧನ ಪಟದ ಮುಂದೆ ದಿನಾ ಮೇಣದಬತ್ತಿ ಹಚ್ಚುವವಳು ಅವಳೇ.

“ಯವ್ವಾ, ಇದು ಹೋಟ್ಲ. ಚಪ್ಪಲಿ ಹಾಕ್ಕೊ,” ಎಂದೆ.

“ಇರ್ಲಿ ಬಿಡು, ಬುದ್ಧ ಅದಾನಲ್ಲ,” ಎಂದು ಬರಿಗಾಲಲ್ಲೇ ಒಳಗೆ ಬಂದಳು.

ಕೈತೊಳೆಯುವ ಬೇಸಿನ್ನಿನ ಪಕ್ಕ ಬುದ್ಧನ ತಲೆಯ ಬಿಳಿ ಮೂರ್ತಿ ಇತ್ತು. ಯಾರೋ ಬಾಯಿ ಮುಕ್ಕಳಿಸಿ ಉಗಿದದ್ದು ಅದರ ಕೆನ್ನೆಗೆ ಸಿಡಿದಿತ್ತು. ಅವ್ವ ತಡವಿ ಮುಟ್ಟಿದಳು, ಬೆರಳಿಗೆ ಒದ್ದೆ ಹತ್ತಿತು.

“ಏನಿದು?”

ನಾನು ನಲ್ಲಿ ತಿರುಗಿಸಿ ಅವಳ ಬೆರಳು ತೊಳೆದೆ. ಅವಳಿಗೆ ತಿಳಿಯಿತು. ಸೆರಗಿನಿಂದ ಒರೆಸತೊಡಗಿದಳು.

ಗಲ್ಲಾದಲ್ಲಿದ್ದ ಮಾಲೀಕ ಎದ್ದು ಬಂದ. “ಯವ್ವಾ, ನೀವ್ಯಾಕ ಒರಸ್ತೀರಿ, ಬಿಡ್ರಿ.”

“ಇಲ್ಯಾಕ ಇಟ್ಟೀರಪ್ಪಾ?”

“ಚಂದ ಕಾಣ್ತದಂತ ಇಟ್ಟೀವ್ರಿ. ಈಗ ಎಲ್ಲಾ ಹೋಟ್ಲದಾಗೂ ಇಡ್ತಾರ. ನೋಡಿದ್ರ ಮನಸ್ಸಿಗಿ ಸಮಾಧಾನ.”

“ನಿಮ್ಮ ಮನಿ ದೇವ್ರನ್ನ ಇಲ್ಲಿ ಇಡ್ತೀರೇನು?”

ಗಲ್ಲಾದ ಮೇಲೆ ಹೂವೇರಿಸಿದ್ದ ಪಟದತ್ತ ಅವನ ಕಣ್ಣು ಹೋಯಿತು. ಕೆಟ್ಟವನೇನಲ್ಲ. “ತಪ್ಪಾತ್ರಿ,” ಎಂದು ಮೂರ್ತಿಯನ್ನು ತಾನೇ ಎತ್ತಿಕೊಂಡು ಹೋಗಿ ಗಲ್ಲಾದ ಪಕ್ಕ ಇಟ್ಟ.

ಹೊರಗಿನ ಫ್ಲೆಕ್ಸಿನ ಮಾತನ್ನೂ ಎತ್ತಬೇಕಿತ್ತು, ಊಟಕ್ಕೆ ಹೇಳಿ ಕುಳಿತುಬಿಟ್ಟೆ. ದೇವದುರ್ಗದ ಹೋಟೆಲೊಂದರಲ್ಲಿ ಈ ಮಾತಿಗೆ ನಕ್ಕಿದ್ದರು. ಮಾನ್ವಿಯಲ್ಲಿ ಜಗಳವೇ ಆಗಿತ್ತು. ಎಷ್ಟು ಬಾಗಿಲಲ್ಲಿ ನಿಂತು ಹೇಳುವುದು? ಅವ್ವ ಮಾತ್ರ ಸಮಾಧಾನವಾಗಿ ಅನ್ನ ಸಾರು ಕಲಸುತ್ತಿದ್ದಳು. “ಉಣ್ಣು, ಆರಾಕತ್ತದ. ಹೇಳಿದ್ರ ಕೇಳ್ತಾರ ನೋಡು,” ಎಂದಳು.

ಮುಂದಿನ ತಪಾಸಣೆಗೆ ಬಂದಾಗ ಹನಿ ಹಾಕಿರಲಿಲ್ಲ, ಅವ್ವನಿಗೆ ಕಣ್ಣು ಚೆನ್ನಾಗಿ ಕಾಣುತ್ತಿತ್ತು. ಅಲ್ಲಿಗೇ ಹೋಗೋಣವೆಂದಳು. ನಾನು ಎರಡು ಹೆಜ್ಜೆ ಮುಂದೆ ಹೋಗಿ ಇಣುಕಿದೆ. ಮೂರ್ತಿ ಗಲ್ಲಾದ ಪಕ್ಕವೇ ಇತ್ತು. ಅದರ ತಲೆಗೆ ಯಾರದೋ ಹೆಲ್ಮೆಟ್ ತೊಡಿಸಿದ್ದರು.

“ಒಳಗ ಭಾಳ ಮಂದಿ ಅದಾರ,” ಎಂದು ಅವಳ ತೋಳು ಹಿಡಿದು ಹಿಂದಿನ ಓಣಿಯ ಖಾನಾವಳಿಗೆ ಕರೆದುಕೊಂಡು ಹೋದೆ.