ಮಾಳಿಗೆಗೆ ಬೇಕು, ಬಾಗಿಲಿಗೆ ಬೇಡ

ಸೂರ್ಯ ಇನ್ನೂ ಮೂಡಿಲ್ಲ. ಭೀಮಾ ದಂಡೆಯ ಭೋಗನವಾಡಿಯಲ್ಲಿ ದರ್ಗಾದ ಮಾಳಿಗೆಯ ಮೇಲೆ ಎಸ್ತೇರಮ್ಮ ಮಂಡಿಯೂರಿ ಕೂತಿದ್ದಾರೆ. ಕೈಯಲ್ಲೊಂದು ಮರದ ಬಡಿಗೆ. ಹಳೆಯ ಸುಣ್ಣದ ಗಚ್ಚಿನ ಮೇಲೆ ಮೆಲ್ಲಗೆ ಒಂದೊಂದೇ ಏಟು ಹಾಕಿ, ಕಿವಿಗೊಟ್ಟು ಕೇಳಿ, ಮುಂದೆ ಸರಿಯುತ್ತಾರೆ. ಗಟ್ಟಿ ಸದ್ದು ಬಂದರೆ ಸೈ. ಟೊಳ್ಳು ಸದ್ದು ಬಂದಲ್ಲಿ ಇದ್ದಲಿನಿಂದ ಗುಂಡಗೆ ಗೆರೆ ಎಳೆಯುತ್ತಾರೆ. ರೋಹಿಣಿ ಮಳೆ ತಲೆಯ ಮೇಲೆ ಬಂದು ಕೂತಿದೆ, ಅಷ್ಟರೊಳಗೆ ಗೆರೆಯೊಳಗಿನದೆಲ್ಲ ಅಗೆದು ಹೊಸ ಗಚ್ಚು ಬಡಿಯಬೇಕು.

ಅವರು ಕೂತ ಜಾಗದಿಂದ ಚರ್ಚಿನ ಶಿಲುಬೆ ಕಾಣುತ್ತದೆ, ಹೊಳೆಯ ಕಡೆಗೆ ರಾಮಲಿಂಗ ಗುಡಿಯ ಕಳಸ ಕಾಣುತ್ತದೆ. ಊರಿನ ಈ ಮೂರೂ ದೇವರ ಮನೆಗಳ ಮಾಳಿಗೆ ಇಷ್ಟು ವರ್ಷ ನೀರು ತಡೆದದ್ದು ಈ ಹೆಂಗಸಿನ ಕೈಯಿಂದ. ಘತ್ತರಗಿಗೆ ಹೋಗುವ ಭಕ್ತರು ದಾರಿಯಲ್ಲಿ ಇಳಿದು ರಾಮಲಿಂಗನಿಗೂ ಕಾಯಿ ಒಡೆಸುತ್ತಾರೆ. ತಲೆ ಎತ್ತಿ ಮಾಳಿಗೆ ನೋಡಿದವರು ಯಾರೂ ಇರಲಿಕ್ಕಿಲ್ಲ.

ಎಸ್ತೇರಮ್ಮ ಇಜೇರಿ ಕಡೆಯಿಂದ ಮದುವೆಯಾಗಿ ಬಂದವರು. ಊರ ಹೊರಗಿನ ಕೇರಿಯ ಈ ಮನೆತನದ್ದು ಗಚ್ಚಿನ ಕೆಲಸ. ಗಂಡಸರು ಕರಣಿ ಹಿಡಿದರೆ ಹೆಂಗಸರು ಸಾಲಾಗಿ ಕೂತು ಬಡಿಯುವುದು ರೂಢಿ. ಗಂಡ ಕಾಮಣಿ ರೋಗದಿಂದ ತೀರಿಕೊಂಡಾಗ ಎಸ್ತೇರಮ್ಮ ಕರಣಿಯನ್ನೂ ಹಿಡಿದರು. ಹೆಂಗಸು ಮಾಳಿಗೆ ಹತ್ತುವುದೇ ಎಂದು ಮೂಗು ಮುರಿದವರು ಆ ವರ್ಷದ ಮಳೆಗೆ ಬಾಯಿ ಮುಚ್ಚಿದರು. ಸುಣ್ಣ ತಿಂದ ಆ ಅಂಗೈಗಳು ಈಗ ಬೇಸಿಗೆಯ ಎರೆಹೊಲದ ಹಾಗೆ ಬಿರಿದಿವೆ.

ಸೋರುವ ಜಾಗ ಹುಡುಕುವುದು ಒಬ್ಬರ ಕೆಲಸವಲ್ಲ. ನೀರು ಒಂದು ಕಡೆ ಇಳಿದು, ಕಲ್ಲಿನ ಸಂದಿಯಲ್ಲಿ ಹರಿದು, ಇನ್ನೊಂದು ಕಡೆ ತೊಟ್ಟಿಕ್ಕುತ್ತದೆ. ಮೊದಲು ಒಳಗೆ ನಿಂತು ಚಾವಣಿಯ ಕಲೆ ನೋಡಬೇಕು. ಆಮೇಲೆ ಮೇಲೆ ಹತ್ತಿ ಕೊಡದಿಂದ ನೀರು ಹೊಯ್ಯಬೇಕು, ಎಲ್ಲಿ ಹನಿಯಿತು ಎಂದು ಒಳಗಿದ್ದವರು ಕೂಗಿ ಹೇಳಬೇಕು. ಚರ್ಚಿನಲ್ಲಿ ಇದಕ್ಕೆ ತೊಂದರೆಯಿಲ್ಲ, ಅದು ಅವರದೇ. ದರ್ಗಾದ ಮುಜಾವರ ಹಸನಸಾಬ ಗೋರಿಗೆ ಒಂದು ಹಚ್ಚಡ ಹೆಚ್ಚಿಗೆ ಹೊದಿಸಿ ಅವರನ್ನು ತಾವೇ ಒಳಗೆ ಕರೆಯುತ್ತಾರೆ. "ಹೆಂಗಸರು ಒಳಗ ಬರೂದು ನಮ್ಮಲ್ಲೂ ಇಲ್ರಿ. ಆದ್ರ ಸೋರೂದು ನೋಡಾಕ ಬಂದಾಕಿನ್ನ ಯಾವ ಬಾಯಿಲೆ ತಡೀಲಿ?" ಎನ್ನುತ್ತಾರೆ.

ರಾಮಲಿಂಗ ಗುಡಿಯಲ್ಲಿ ಮಾತ್ರ ಎಸ್ತೇರಮ್ಮನಿಗೆ ಬಾಗಿಲಿಲ್ಲ. ಹಿಂದಿನ ಗೋಡೆಗೆ ಏಣಿ ಹಚ್ಚುತ್ತಾರೆ. ದೇವರ ನೆತ್ತಿಯ ಮೇಲೆ ದಿನವಿಡೀ ನಡೆದಾಡಬಹುದು, ಕೂತು ರೊಟ್ಟಿ ತಿನ್ನಬಹುದು. ಹೊಸ್ತಿಲು ದಾಟುವಂತಿಲ್ಲ. ಅವರು ಇಳಿದು ಹೋದ ಮೇಲೆ ಏಣಿಯನ್ನು ತೊಳೆಯುತ್ತಾರೆ. ಅಸ್ಪೃಶ್ಯತೆಯ ಕಾಯ್ದೆ ಬಂದು ಮೂವತ್ತು ವರ್ಷ ದಾಟಿತು. ಈ ೧೯೮೭ರಲ್ಲೂ ಪದ್ಧತಿ ಅದೇ. ಹೋದ ವರ್ಷ ನಾನು ನನ್ನ ಕಣ್ಣಾರೆ ಕಂಡದ್ದು ಇದು, ಕಂಡು ಹೊಟ್ಟೆ ಉರಿದದ್ದೂ ಹೌದು.

ಏಣಿ ತೊಳೆಯುವ ಹಿರಿಯರೇ, ಮಾಳಿಗೆಯನ್ನು ಏನು ಮಾಡುತ್ತೀರಿ? ಆಕೆ ಕಲಸಿದ ಸುಣ್ಣ, ಬೆಲ್ಲದ ನೀರು, ಬಿಲ್ವಕಾಯಿಯ ಲೋಳೆ ವರ್ಷವಿಡೀ ನಿಮ್ಮ ದೇವರ ತಲೆಯ ಮೇಲೇ ಇರುತ್ತದಲ್ಲ!

ಹೋದ ಬೇಸಿಗೆಯಲ್ಲಿ ಎಸ್ತೇರಮ್ಮ ಮೇಲಿನಿಂದ ನೀರು ಹೊಯ್ದಾಗ ಒಳಗೆ ನೋಡಬೇಕಾದವರು ಪೂಜಾರಿ ಕಲ್ಯಾಣಪ್ಪ. ಸುಣ್ಣದ ನೀರು ಸಿಡಿದು ಮಡಿಬಟ್ಟೆ ಕೆಡುತ್ತದೆಂದು ಅವರು ಗರ್ಭಗುಡಿಗೆ ಹೋಗಲೇ ಇಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತೇ, ನಂದಿಯ ಮೇಲೆ ಹನಿಯುತ್ತಿದೆ ಎಂದು ಕೂಗಿದರು. ಎಸ್ತೇರಮ್ಮ ನಂಬಿ, ನಂದಿಯ ಮೇಲಿನ ಗಚ್ಚನ್ನೆಲ್ಲ ಅಗೆದು ಹೊಸದಾಗಿ ಬಡಿದರು. ಶ್ರಾವಣ ಸೋಮವಾರ ಜನ ಕಿಕ್ಕಿರಿದಿದ್ದಾಗ ನೀರು ಧಾರೆಯಾಗಿ ಬಿದ್ದದ್ದು ಲಿಂಗದ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಕಲ್ಯಾಣಪ್ಪನನ್ನು ಒಬ್ಬರೂ ಕೇಳಲಿಲ್ಲ. ಚರ್ಚಿನಾಕಿ ಬೇಕಂತಲೇ ಸೋರುವಂತೆ ಮಾಡಿದಳು ಎಂದು ಊರೇ ಆಡಿಕೊಂಡಿತು. ನಿತ್ಯ ಕೊಡಗಟ್ಟಲೆ ಅಭಿಷೇಕ ಮಾಡಿಸಿಕೊಳ್ಳುವ ದೇವರಿಗೆ ಮಳೆನೀರು ಮೈಲಿಗೆಯಾಯಿತಂತೆ.

ಆ ಮಾತು ಹೊಳೆ ದಾಟಿ ಹೋಯಿತು. ಸುತ್ತಲಿನ ಹಳ್ಳಿಗಳ ವಾಡೆಗಳಿಗೆ ಪ್ರತಿ ಬೇಸಿಗೆ ಕರೆಸಿಕೊಳ್ಳುತ್ತಿದ್ದವರು ಈ ಸಲ ಕರೆಸಲಿಲ್ಲ. "ಕೂಲಿ ಇಲ್ಲಂದ್ರ ಒಪ್ಪತ್ತು ಉಂಡು ಇರ್ತೇನ್ರಿ. ಎಸ್ತೇರಮ್ಮನ ಗಚ್ಚು ಸೋರ್ತದ ಅಂದ್ರಲ್ಲ, ಅದು ಎದ್ಯಾಗ ಚುಚ್ಚಾಕತ್ತದ," ಎನ್ನುವಾಗ ಅವರ ಬಡಿಗೆ ನಿಂತಿತು.

ಈಗ ಮತ್ತೆ ಮಳೆ ಹತ್ತಿರ ಬಂದಿದೆ, ಗುಡಿಯವರಿಗೆ ಮತ್ತೆ ಎಸ್ತೇರಮ್ಮನ ನೆನಪಾಗಿದೆ. ಸಿಮೆಂಟಿನವರು ಹಳೆಯ ಕಲ್ಲುಮಾಳಿಗೆ ನಮಗಾಗದು ಎಂದು ಕೈ ಅಲ್ಲಾಡಿಸಿ ಹೋದರು. ಕಮಿಟಿಯ ಹಿರಿಯ ದೌಲತರಾಯರು ಹೇಳಿ ಕಳಿಸಿದರೆ ಎಸ್ತೇರಮ್ಮ ಮೊದಲ ಬಾರಿಗೆ ಒಂದು ಮಾತು ಹೇಳಿದ್ದಾರೆ: ಬಾಗಿಲಿನಿಂದ ಒಳಗೆ ಬಂದು ಚಾವಣಿ ನೋಡುತ್ತೇನೆ, ಆಮೇಲೆ ಹತ್ತುತ್ತೇನೆ. ಹತ್ತದಿದ್ದರೆ ತಮ್ಮ ಹೊಲದ ಕಳೆ ಕೆಲಸಕ್ಕೂ ಬರಬೇಡ ಎಂದು ದೌಲತರಾಯರಿಂದ ಮರುದಿನವೇ ಉತ್ತರ ಬಂತು. ಮಳೆಗಾಲದ ನಾಲ್ಕು ತಿಂಗಳು ಎಸ್ತೇರಮ್ಮನ ಮನೆಯಲ್ಲಿ ಒಲೆ ಉರಿಯುವುದೇ ಆ ಕೂಲಿಯಿಂದ.

ನಾನು ದೌಲತರಾಯರ ಮನೆಗೆ ಹೋದೆ. ಬಸವಣ್ಣನವರ ಪಟದ ಕೆಳಗೆ ಕೂರಿಸಿ ಚಹಾ ಕೊಟ್ಟರು, ವಚನ ಹೇಳಿದರು, ಕಂಠ ಚೆನ್ನಾಗಿದೆ. ಎಸ್ತೇರಮ್ಮನ ಮಾತೆತ್ತಿದಾಗ, "ಆಕಿ ಕೈ ಕೆಲಸ ಚಲೋ ಅದರಿ, ಇಲ್ಲ ಅನ್ನಂಗಿಲ್ಲ. ಆದ್ರ ಹಿರ್ಯಾರ ಪದ್ಧತಿ ನಾ ಹ್ಯಾಂಗ ಮುರೀಲಿ?" ಎಂದರು. ಪಟದ ಕಡೆ ಕೈ ತೋರಿಸಿ, ಅವರು ಮುರಿಯಲಿಲ್ಲವೇ ಎಂದು ಕೇಳಿದೆ. ಚಹಾ ಆರುತ್ತಿದೆ, ಕುಡಿಯಿರಿ ಎಂದರು. ನಾನು ಬಟ್ಟಲು ಅಲ್ಲೇ ಬಿಟ್ಟು ಎದ್ದು ಬಂದೆ.

ದರ್ಗಾಕ್ಕೆ ಮರಳಿದಾಗ ಎಸ್ತೇರಮ್ಮ ಹೊಸ ಗಚ್ಚಿಗೆ ಬೆಲ್ಲದ ನೀರು ಚಿಮುಕಿಸುತ್ತಿದ್ದಾರೆ. ಹೊಳೆಯಾಚೆ ಮೋಡ ಕಟ್ಟಿದೆ. ಹಟ ಬಿಟ್ಟು ಹತ್ತಿಬಿಡು ಎಂದು ಕೇರಿಯವರೂ ಹೇಳುತ್ತಿದ್ದಾರಂತೆ. ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ಅವರು ಸೆರಗಿನಿಂದ ಕೈ ಒರೆಸಿಕೊಂಡು ಗುಡಿಯ ಕಡೆ ನೋಡುತ್ತಾರೆ.

"ನಾ ಪೂಜಿ ಮಾಡ್ತೇನಿ ಅಂದಿಲ್ರಿ, ತೀರ್ಥಾ ಕೊಡ್ರಿ ಅಂದಿಲ್ಲ. ಒಮ್ಮಿ ಒಳಗ ನಿಂತು ಮ್ಯಾಲ ನೋಡ್ತೇನಿ ಅಂದೇನಿ, ಅಷ್ಟ. ಬಾಗಲಾ ತಗದ್ರ ಇವತ್ತ ಹತ್ತತೇನಿ. ತಗೀಲಿಲ್ಲಂದ್ರ ಸೋರ್ಲಿ. ಈ ವರ್ಷ ಸೋರೂದು ನನ್ನ ಗಚ್ಚಲ್ರಿ, ಅವರ ಬಾಗಲಾ."